ಮೇಲೇಳದ ಪೆಡಲು

ಮೇಲೇಳಲಿಲ್ಲ, ಪೂರ್ತಿ ತುಳಿದರೆ ಆಕ್ಸಿಲರೇಟರ್ ಪೆಡಲು ಅಲ್ಲೇ ಕೂತುಬಿಟ್ಟಿತು, ಇಂಜಿನ್ ಒಂದೇ ಸಮ ಕಿರುಚುತ್ತಿದೆ, ಆಫ್ ಮಾಡು ಮೊದಲು — ಮಾಡಿದೆ, ಆಂಡರ್ಸನ್‌ಪೇಟೆಯ ಈ ಶೆಡ್ಡಿನಲ್ಲಿ ಈಗ ತಗಡು ಬಡಿಯುವ ಆಷಾಢದ ಗಾಳಿ, ನಾನು, ಇಷ್ಟೇ. ಹಾಗಾದರೆ ಡ್ರೈವರ್ ಶ್ರೀರಾಮಪ್ಪ ಹೇಳಿದ್ದು ನಿಜ. ಹೋದ ತಿಂಗಳು ಈ ಟ್ಯಾಕ್ಸಿಯನ್ನು ಅವನೇ ತಂದು ನಿಲ್ಲಿಸಿದ್ದ, ಲೇ ಸೊಣ್ಣಪ್ಪ, ಎಕ್ಸಲೇಟ್ರು ಒತ್ತಿದ್ರೆ ಮ್ಯಾಕ್ಕೆ ಬರಲ್ಲ ಕಣ್ಲಾ, ವಸಿ ನೋಡ್ಲಾ, ನಾನು ಬಗ್ಗಿ ಕೈಯಲ್ಲೇ ಒತ್ತಿದೆ, ಅರ್ಧ ಹೋಯಿತು, ವಾಪಸು ಬಂತು, ಗಾಡಿಗೇನೂ ಆಗಿಲ್ಲ, ನಿನ್ ಕಾಲಿಗೇ ಏನೋ ಆಗೈತೆ ಓಗ್ಲಾ ಅಂದು ನಕ್ಕೆ. ಸೋಮಾರಿತನ ಬಿಟ್ಟು ಸೀಟಿನಲ್ಲಿ ಕೂತು ಕಾಲಿನಿಂದ ಪೂರ್ತಿ ತುಳಿದು ನೋಡಬಾರದಿತ್ತೇ ನಾನು? ಮೂರನೇ ದಿನ ಬಂಗಾರಪೇಟೆ ಸ್ಟೇಷನ್ ಮುಂದೆ ಜಟಕಾಗೆ ಗುದ್ದಿದ, ಜನ ಉಳಿದರು, ಕುದುರೆ ಉಳಿಯಲಿಲ್ಲ. ಕುಡಿದಿದ್ದ ಅಂದರು. ಕಾರಿನ ಯಜಮಾನ ರಾಮಚಂದ್ರಪ್ಪ ಮುನೇಶ್ವರನ ಗುಡಿಗೆ ಕರೆಸಿದ, ಪ್ರಮಾಣಕ್ಕೆ ಕಲ್ಲಿನ ಮೇಲೆ ಕರ್ಪೂರ ಹಚ್ಚಿದರು, ಮುನೇಸ್ವರನಾಣೆ ನಾನ್ ಕುಡಿದಿರ್ಲಿಲ್ಲ ಎಂದು ಶ್ರೀರಾಮಪ್ಪ ಅಂಗೈ ಬಡಿದು ಆರಿಸಿದ, ಇನ್ನೊಂದು ಹಚ್ಚಿದರು, ನೀನೇನಂತೀಯ ಸೊಣ್ಣಪ್ಪ, ಗಾಡಿ ಸರಿಯಿತ್ತಾ, ಸರಿಯಿತ್ತಣ್ಣಾ ಎಂದು ನಾನೂ ಆರಿಸಿದೆ. ಸುಳ್ಳು ಹೇಳಲಿಲ್ಲ, ನಂಬಿಯೇ ಹೇಳಿದೆ. ಆದರೆ ಜನ ನನ್ನ ಕೈಯನ್ನು ನಂಬಿದರು, ಅವನದನ್ನು ನಂಬಲಿಲ್ಲ, ಅವನ ಕೆಲಸ ಹೋಯಿತು. ಅವನು ನನ್ನ ಕಡೆ ಒಂದು ಸಲ ನೋಡಿದ, ಅಷ್ಟೇ. ನನ್ನ ಹೆಂಡತಿ ಮುನಿರತ್ನಮ್ಮ ತೀರಿಕೊಂಡ ಮೇಲೆ ಭಾನುವಾರ ನನ್ನ ಜೊತೆ ಕೂತು ಮುದ್ದೆ ನುಂಗುತ್ತಿದ್ದವನು ಅವನೊಬ್ಬನೇ, ಈಗ ನಾಲ್ಕು ಭಾನುವಾರ ಆಯಿತು, ಮುದ್ದೆ ಕಟ್ಟುವುದನ್ನೇ ಬಿಟ್ಟಿದ್ದೇನೆ, ಒಬ್ಬನಿಗೆ ಯಾರು ಕೋಲು ತಿರುಗಿಸುತ್ತಾರೆ, ಬನ್ನು ಟೀ ಸಾಕು.

ಸ್ಪ್ರಿಂಗು ನೋಡು ಮೊದಲು, ಗಟ್ಟಿಯಾಗಿದೆ, ಪೆಡಲಿನ ಕೀಲು ಸಡಿಲವೇ ಇದೆ, ಕಾರ್ಬುರೇಟರಿನಿಂದ ಕೇಬಲ್ ಬಿಚ್ಚಿದರೆ ಅದರ ಲಿವರು ಟಕ್ಕನೆ ವಾಪಸು ಬರುತ್ತದೆ, ಉಳಿದದ್ದು ಕೇಬಲ್ಲೇ, ಎಳೆ — ಕಚ್ಚಿಕೊಂಡಿದೆ, ಇನ್ನೂ ಎಳೆ, ಬಂತು, ತಂತಿಯ ಈ ತುದಿಯ ಮೇಲೆ, ಪೂರ್ತಿ ತುಳಿದಾಗ ಮಾತ್ರ ಕೊಳವೆಯೊಳಗೆ ಸೇರುವ ಕಡೆ, ಬೂದು ಬಣ್ಣದ ಎಣ್ಣೆಜಿಡ್ಡಿನ ಕೆಸರು, ಬೆರಳಿನಲ್ಲಿ ಉಜ್ಜಿದರೆ ಚರಚರ ಅನ್ನುತ್ತದೆ. ಚಿನ್ನದ ಗಣಿಯವರು ಸುರಿದ ಸೈನೈಡ್ ದಿಬ್ಬದ ಧೂಳು. ಗಾಳಿ ಎದ್ದರೆ ಅನ್ನದ ತಟ್ಟೆಯನ್ನೂ ಬಿಡದ ಧೂಳು. ಅದಕ್ಕೇ ಇಲ್ಲಿ ಯಾರೂ ಕೇಬಲ್ಲಿಗೆ ಎಣ್ಣೆ ಹಾಕುವುದಿಲ್ಲ, ಪೆನ್ಸಿಲ್ ಸೀಸ ಅರೆದು ಉದುರಿಸುತ್ತೇವೆ, ಎಣ್ಣೆ ಇದ್ದರೆ ಧೂಳು ಕೂತು ಹಿಡಿಯುತ್ತದೆ ಎಂದು ಇಡೀ ಪೇಟೆಗೆ ಹೇಳಿಕೊಟ್ಟವನು ನಾನು. ಯಾರು ಹಾಕಿದರು ಎಣ್ಣೆ? ನೀನೇ ಕಣೋ. ಯುಗಾದಿಗೆ ಮೊದಲು, ಶ್ರೀರಾಮಪ್ಪನ ಮೊಣಕಾಲು ನೋಯುತ್ತಿತ್ತು, ತುಳಿಯೋಕೆ ಬಿಗಿ ಐತೆ ಕಣ್ಲಾ ಅಂದಿದ್ದ, ಪಾಪ, ಮೆತ್ತಗಾಗಲಿ ಎಂದು ಒಂದಲ್ಲ ನಾಲ್ಕು ತೊಟ್ಟು ಬಿಟ್ಟೆ, ಪ್ರೀತಿಗೆ ಬಿಟ್ಟೆ, ಬಿಟ್ಟದ್ದನ್ನು ಮರೆತೂ ಬಿಟ್ಟೆ. ಒರೆಸಿ ಹೊಸ ಕೇಬಲ್ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬಟ್ಟೆ ಕೈಗೆ ತೆಗೆದುಕೊಂಡೆ, ಮತ್ತೆ ಕೆಳಗಿಟ್ಟೆ.

ಚಪ್ಪಲಿ ಸದ್ದು, ರಾಮಚಂದ್ರಪ್ಪ, ಏನ್ ಸೊಣ್ಣಪ್ಪ, ಸಿಕ್ತಾ, ಹೊಸ ಡ್ರೈವರೂ ಪೆಡಲು ಸಿಕ್ಕಾಕ್ಕೊಂತದೆ ಅಂತಾನೆ, ನಾನು ಕೇಬಲ್ಲನ್ನು ಅವನ ಮುಂದೆ ಹಿಡಿದೆ, ತಪ್ಪು ನಂದಣ್ಣಾ, ಎಣ್ಣೆ ಬಿಟ್ಟಿದ್ದು ನಾನು, ಶ್ರೀರಾಮಪ್ಪ ಕುಡಿದಿರ್ಲಿಲ್ಲ, ಗುಡಿ ಮುಂದೇನೇ ಹೇಳ್ತೀನಿ ನಡೀರಿ. ಅವನು ಕೇಬಲ್ಲು ನೋಡಿದ, ನನ್ನನ್ನು ನೋಡಿದ. ಯಾರಿಗೇಳ್ತೀಯಾ ಈಗ, ಶ್ರೀರಾಮಪ್ಪ ಎಂಡ್ತಿ ಮಕ್ಕಳ್ನ ಕರ್ಕೊಂಡು ಮೊನ್ನೆ ರೈಲು ಅತ್ತುದ್ನಲ್ಲಾ, ಯಾವೂರಿಗೆ ಅಂತ ಯಾರಿಗೂ ಏಳಿಲ್ಲ — ಬೀಗದ ಕೈ ಕೊಡೋವಾಗ ಒಂದೇ ಮಾತು ಅಂದ, ಗಾಡೀನ ಬೇರೆಯೋರ ಅತ್ರ ಬಿಡಬ್ಯಾಡಿ ಅಣ್ಣಾ, ಸೊಣ್ಣಪ್ಪನ ಕೈ ಒಳ್ಳೇದು. ಸೊಣ್ಣಪ್ಪನ ಕೈ ಒಳ್ಳೇದು — ಈ ಕೈ, ಅರ್ಧವೇ ಒತ್ತಿ ತೆಗೆದ ಈ ಕೈ, ಅರ್ಧ, ಅಲ್ಲಿಂದ ಇನ್ನು ಎರಡೇ ಬೆರಳಿನಷ್ಟು ಕೆಳಗೆ ಒತ್ತಿದ್ದರೆ, ಎರಡೇ ಬೆರಳು —