ಚಾರ್ಲ್ಸ್ ಹೇಳಿದ ಕಡಲ ಮನೆ

ಪ್ರಪಂಚದ ಯಾವ ಮೂಲೆಗಾದರೂ ಗಂಡಹೆಂಡತಿ ಹೋಗಿ ಬನ್ನಿ, ವಿಮಾನದ ಟಿಕೆಟು ನಮ್ಮದು ಎಂದು ಕಂಪನಿಯವರು ಹೇಳಿದಾಗ ಕಮಲಾಕ್ಷ ಹಿಂದೆ ಮುಂದೆ ನೋಡದೆ ಬಾರ್ಬಡೋಸ್ ಎಂದುಬಿಟ್ಟ. ಕಾರ್ಕಳದಲ್ಲಿ ಹುಡುಗನಾಗಿದ್ದಾಗ ಮಾವನ ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ ವೆಸ್ಟ್ ಇಂಡೀಸಿನ ಕ್ರಿಕೆಟ್ ಕೇಳಿ ಬೆಳೆದವನು ಅವನು. ಈಗ ಕುವೈತಿನ ಶರ್ಕ್ ಪೇಟೆಯ ವಿಮಾ ಕಂಪನಿಯೊಂದರಲ್ಲಿ ಅಧಿಕಾರಿ. ಹೆಂಡತಿ ವಾರಿಜಾ ಮದುವೆಯಾಗಿ ಕುವೈತಿಗೆ ಬಂದು ನಾಲ್ಕು ವರ್ಷವಾಗಿತ್ತು. ಹವಲ್ಲಿಯ ಫ್ಲ್ಯಾಟು, ಶುಕ್ರವಾರದ ಮಾರ್ಕೆಟ್ಟು, ರಜೆಗೆ ಊರು, ಇವಿಷ್ಟರ ಆಚೆಗೆ ಅವಳು ಏನೂ ಕಂಡವಳಲ್ಲ. ಕಡಲು ನೋಡಲು ಅಷ್ಟು ದೂರ ಯಾಕೆ, ಉಳ್ಳಾಲದಲ್ಲಿ ಇಲ್ಲವಾ ಎಂದು ಮೊದಲು ನಕ್ಕಳು. ಆಮೇಲೆ ಅಡಿಗೆ ಮಾಡಬೇಕಾಗಿಲ್ಲದ ಜಾಗ ಯಾವುದಾದರೂ ಆದೀತು ಎಂದಳು.

ಟಿಕೆಟು ಕಂಪನಿಯದು, ಉಳಿಯುವ ಜಾಗ ಮಾತ್ರ ಇವರೇ ಆರಿಸಬೇಕಿತ್ತು. ಅದಕ್ಕೆಂದು ಇಬ್ಬರೂ ಶರ್ಕ್‌ನ ಒಂದು ಟ್ರಾವೆಲ್ ಆಫೀಸಿಗೆ ಹೋದರು. ಅಲ್ಲಿ ಮೇಜಿನ ಆಚೆ ಕುಳಿತಿದ್ದವನೇ ಚಾರ್ಲ್ಸ್, ಮಂಗಳೂರಿನ ಹತ್ತಿರದ ಬಜಪೆಯವನು. ಹಡಗುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಆ ದ್ವೀಪಗಳನ್ನೆಲ್ಲ ಸುತ್ತಿ ಬಂದಿದ್ದ. ಊರಿನ ಮಾತು ಕಿವಿಗೆ ಬಿದ್ದದ್ದೇ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ.

ಕಮಲಾಕ್ಷ ಆಗಲೇ ಒಂದು ದೊಡ್ಡ ರೆಸಾರ್ಟನ್ನು ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದ. ಬಣ್ಣದ ಪುಸ್ತಿಕೆಯಲ್ಲಿ ಅದರ ಈಜುಕೊಳ, ಅಮೃತಶಿಲೆಯ ಮೆಟ್ಟಿಲು, ಬಿಳಿ ಕೋಟಿನ ಪರಿಚಾರಕರು, ಎಲ್ಲ ಮಿರಮಿರ ಮಿಂಚುತ್ತಿತ್ತು. ಚಾರ್ಲ್ಸ್ ಅದನ್ನು ತಿರುವಿ ನೋಡಿ ತಲೆ ಅಲ್ಲಾಡಿಸಿದ. ಆ ಬದಿಯ ಕಡಲು ಒರಟು, ನೋಡಲಿಕ್ಕೆ ಚಂದ, ಇಳಿಯಲಿಕ್ಕೆ ಆಗುವುದಿಲ್ಲ ಎಂದ. ದ್ವೀಪದ ಪಡುವಣ ಬದಿಯಲ್ಲಿ ನೀರು ಕೆರೆಯ ಹಾಗೆ ಶಾಂತ, ಅಲ್ಲಿ ಒಬ್ಬ ಮುದುಕಿ ತನ್ನ ಮನೆಯನ್ನೇ ವಸತಿಗೃಹ ಮಾಡಿಕೊಂಡಿದ್ದಾಳೆ, ತಾನು ಹಡಗಿನಿಂದ ಇಳಿದಾಗೆಲ್ಲ ಅಲ್ಲೇ ಉಳಿಯುತ್ತಿದ್ದೆ ಎಂದ. ಕೋಣೆಗಳು ಕೆಲವೇ ಕೆಲವು. ಬಾಗಿಲು ತೆರೆದರೆ ಮರಳು.

“ಅಲ್ಲಿ ಜೀಗುಜ್ಜೆ ಉಂಟು ಅಕ್ಕ,” ಎಂದ ವಾರಿಜಾಳ ಕಡೆ ತಿರುಗಿ. “ಮನೆಮನೆಯಲ್ಲಿ ಮರ. ಆ ಅಜ್ಜಿ ಹುರಿದು ಕೊಡ್ತಾಳೆ, ಹಾರುವ ಮೀನಿನ ಒಟ್ಟಿಗೆ.”

ಹಲಸಿನ ಜಾತಿಯ ಆ ಊರ ಕಾಯಿಯ ಹೆಸರು ಕೇಳಿ ವಾರಿಜಾಳ ಮುಖ ಅರಳಿತು. ಎಣ್ಣೆಯಲ್ಲಿ ಕರಿದ ಜೀಗುಜ್ಜೆಯ ಪೋಡಿ ತಿನ್ನದೆ ಎಷ್ಟು ಕಾಲವಾಯಿತು ಎಂದಳು. ಅವರಿಬ್ಬರೂ ಜೀಗುಜ್ಜೆಯ ಪಲ್ಯಕ್ಕೆ ತೆಂಗಿನಕಾಯಿ ಎಷ್ಟು ಬೇಕು ಎಂಬಲ್ಲಿಗೆ ಮುಟ್ಟಿದಾಗ ಕಮಲಾಕ್ಷ ಪುಸ್ತಿಕೆಯನ್ನು ಮಡಚಿ ಮೊಣಕಾಲ ಮೇಲೆ ಇಟ್ಟುಕೊಂಡ. ಯಾರೂ ಅದರ ಕಡೆ ನೋಡಲಿಲ್ಲ.

ಮುಂದಿನ ವಾರ ಚಾರ್ಲ್ಸ್ ಫೋಟೊಗಳನ್ನು ತೋರಿಸಲು ಫ್ಲ್ಯಾಟಿಗೆ ಬಂದ. ಕರೆದವಳು ವಾರಿಜಾ. ನೀರುದೋಸೆ, ಬಂಗುಡೆ ಮೀನಿನ ಗಸಿ ಮಾಡಿದ್ದಳು. ಫೋಟೊಗಳಲ್ಲಿ ಚಾರ್ಲ್ಸ್ ಚಡ್ಡಿ ಹಾಕಿಕೊಂಡು, ಮೈಯೆಲ್ಲ ಬಿಸಿಲಿಗೆ ಕಪ್ಪಾಗಿ, ಆ ಅಜ್ಜಿಯ ಭುಜದ ಮೇಲೆ ಕೈ ಹಾಕಿ ನಿಂತಿದ್ದ. ಅಜ್ಜಿಗೆ ತುಳು ಕಲಿಸಲು ಹೋಗಿ ತಾನು ಪಟ್ಟ ಪಾಡನ್ನು ಅವನು ಹೇಳಿದಾಗ ವಾರಿಜಾ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಇಷ್ಟು ದೊಡ್ಡ ನಗು ಇವಳಲ್ಲಿತ್ತೇ ಎಂದು ಕಮಲಾಕ್ಷನಿಗೆ ಆಶ್ಚರ್ಯವಾಯಿತು.

ಅಂದಿನಿಂದ ಅವನ ಕಿವಿ ಚುರುಕಾಯಿತು. ಚಾರ್ಲ್ಸ್ ‘ವಾರಿಜಕ್ಕ’ ಎನ್ನುತ್ತಿದ್ದ, ಒಮ್ಮೊಮ್ಮೆ ಮಾತಿನ ಭರದಲ್ಲಿ ಆ ‘ಅಕ್ಕ’ ಬಿಟ್ಟುಹೋಗುತ್ತಿತ್ತು. ವಾರಿಜಾ ಮೊದಲು ‘ಚಾರ್ಲ್ಸ್ ಅವರು’ ಎನ್ನುತ್ತಿದ್ದವಳು ಈಗ ಬರೀ ‘ಚಾರ್ಲ್ಸ್’ ಎನ್ನುತ್ತಿದ್ದಳು. ಮಧ್ಯಾಹ್ನ ಆಫೀಸಿನಿಂದ ಮನೆಗೆ ಫೋನು ಮಾಡಿದರೆ ಲೈನು ಎಂಗೇಜು. ಸಂಜೆ ಕೇಳಿದರೆ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು: ಕಡಲಿನ ಬದಿಯ ಕೋಣೆಯೋ, ಹಿತ್ತಿಲ ಬದಿಯದೋ ಎಂದು ಚಾರ್ಲ್ಸ್ ಕೇಳುತ್ತಿದ್ದರು. ಮುಚ್ಚುಮರೆ ಇದ್ದಿದ್ದರೆ ಕಮಲಾಕ್ಷನಿಗೆ ಜಗಳವಾಡಲು ಒಂದು ಹಿಡಿ ಸಿಗುತ್ತಿತ್ತು. ಅದೂ ಇಲ್ಲದೆ ಒಳಗೊಳಗೇ ಬೆಂದ.

ಒಂದು ಶುಕ್ರವಾರ ಊರಿನವರೆಲ್ಲ ಸೇರಿ ಫಿಂಟಾಸಿನ ಕಡಲ ತೀರಕ್ಕೆ ಹೋದರು. ನೀರಿನಲ್ಲಿ ತೇಲುವುದು ಹೇಗೆಂದು ಚಾರ್ಲ್ಸ್ ಹೆಂಗಸರಿಗೆ, ಮಕ್ಕಳಿಗೆ ಹೇಳಿಕೊಡುತ್ತಿದ್ದ. ವಾರಿಜಾ ಸಲ್ವಾರ್ ಒದ್ದೆ ಮಾಡಿಕೊಂಡು ಸೊಂಟದ ನೀರಿನವರೆಗೆ ಹೋದಳು. ಅವನು ಅವಳನ್ನು ಮುಟ್ಟಲೂ ಇಲ್ಲ, ದೂರ ನಿಂತೇ ಕತ್ತು ಸಡಿಲ ಬಿಡಿ ಎಂದು ಹೇಳುತ್ತಿದ್ದ. ಅವಳು ಒಮ್ಮೆ ಮುಳುಗಿ, ಕೆಮ್ಮಿ, ಮತ್ತೆ ಮಲಗಿ, ಕೊನೆಗೆ ತೇಲಿದಳು. ಕಣ್ಣು ಮುಚ್ಚಿದ ಆ ಮುಖದಲ್ಲಿ ಎಂಥ ನೆಮ್ಮದಿ ಇತ್ತೆಂದರೆ, ದಡದಲ್ಲಿ ಕಲ್ಲಂಗಡಿ ಕೊಯ್ಯುತ್ತಿದ್ದ ಕಮಲಾಕ್ಷ ಚೂರಿಯನ್ನು ಮರಳಿಗೆ ಚುಚ್ಚಿ ಎದ್ದು ಕಾರಿನ ಕಡೆ ನಡೆದ. ತಲೆನೋವು ಎಂದು ಹೇಳಿ ಅವಳನ್ನು ಒದ್ದೆ ಬಟ್ಟೆಯಲ್ಲೇ ಮನೆಗೆ ಕರೆತಂದ.

ಶನಿವಾರ ಅವನು ಒಬ್ಬನೇ ಚಾರ್ಲ್ಸನ ಆಫೀಸಿಗೆ ಹೋದ. ಜುಲೈ ಕೊನೆಯ ವಾರದಿಂದ ಎರಡು ವಾರಕ್ಕೆ ಅಜ್ಜಿಯ ಮನೆಯಲ್ಲಿ ಕಡಲ ಬದಿಯ ಕೋಣೆ ಆಗಲೇ ಗೊತ್ತು ಮಾಡಿಯಾಗಿತ್ತು. ರಜೆ ಸಿಗಲಿಲ್ಲ, ಎಲ್ಲ ರದ್ದು ಮಾಡಿ ಎಂದ. ಪರವಾಗಿಲ್ಲ ಅಣ್ಣ, ಮುಂದಿನ ಸಲ ನೋಡುವ ಎಂದ ಚಾರ್ಲ್ಸ್. ಅಲ್ಲಿಂದ ನೇರ ಬೇರೊಂದು ಆಫೀಸಿಗೆ ಹೋಗಿ ಕಮಲಾಕ್ಷ ಆ ಅಮೃತಶಿಲೆಯ ರೆಸಾರ್ಟಿಗೇ ಹೇಳಿಬಂದ. ಅಲ್ಲಿ ಆಗಸ್ಟ್ ಮಧ್ಯದವರೆಗೆ ಜಾಗವಿರಲಿಲ್ಲ. ಆಗಸ್ಟ್ ಮಧ್ಯಕ್ಕೇ ಆಗಲಿ ಎಂದ.

ವಾರಿಜಾಳಿಗೆ ಅಜ್ಜಿಯ ಮನೆಯಲ್ಲಿ ಕೋಣೆ ಖಾಲಿ ಇಲ್ಲವಂತೆ ಎಂದು ಹೇಳಿದ. ಇಷ್ಟೆಲ್ಲ ಆಸೆ ತೋರಿಸಿ ಚಾರ್ಲ್ಸ್ ಹೀಗೆ ಮಾಡಬಾರದಿತ್ತು ಎಂದಳು. ಸಿಟ್ಟಿನಲ್ಲಿ ಅವನಿಗೆ ಫೋನು ಮಾಡುವುದನ್ನೂ ಬಿಟ್ಟಳು. ಅವಳ ಆ ಸಿಟ್ಟು ನೋಡಿ ಕಮಲಾಕ್ಷನಿಗೆ ತಿಂಗಳಿನಿಂದ ಸಿಗದ ಸುಖ ಸಿಕ್ಕಿತು.

ತೊಂಬತ್ತರ ಆಗಸ್ಟ್ ಎರಡರ ಬೆಳಿಗ್ಗೆ ಹವಲ್ಲಿಯವರು ಎದ್ದಾಗ ರಸ್ತೆಯಲ್ಲಿ ಇರಾಕಿನ ಟ್ಯಾಂಕುಗಳಿದ್ದವು. ವಿಮಾನ ನಿಲ್ದಾಣ ಮುಚ್ಚಿತು, ಫೋನುಗಳು ಸತ್ತವು, ಬ್ಯಾಂಕುಗಳ ಬಾಗಿಲಿಗೆ ಬೀಗ ಬಿತ್ತು. ಜನ ಖುಬ್ಬೂಸ್ ರೊಟ್ಟಿಯ ಅಂಗಡಿಯ ಮುಂದೆ ಬೆಳಕು ಹರಿಯುವ ಮೊದಲೇ ಸಾಲು ನಿಂತರು. ಸಾಲಿನಲ್ಲಿ ನಿಂತಾಗೆಲ್ಲ ಕಮಲಾಕ್ಷನ ತಲೆಯಲ್ಲಿ ಒಂದೇ ಲೆಕ್ಕ ತಿರುಗುತ್ತಿತ್ತು: ಆ ಕೋಣೆ ಬಿಡದೆ ಇದ್ದಿದ್ದರೆ ಇವತ್ತು ತಾವು ಇಲ್ಲಿರುತ್ತಿರಲಿಲ್ಲ. ಕೋಣೆ ಇರಲಿಲ್ಲ ಎಂದೇ ವಾರಿಜಾ ನಂಬಿದ್ದಳು.

ತಿಂಗಳ ಕೊನೆಗೆ ಚಾರ್ಲ್ಸ್ ಬಾಗಿಲು ತಟ್ಟಿದ. ನನ್ನ ಹಳೆಯ ಶೆವ್ರೊಲೆ ಕಾರಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿಗೆ ಹೊರಟಿದ್ದೇನೆ, ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಮೇಬಲಕ್ಕ ಬರುತ್ತಾಳೆ, ಇನ್ನಿಬ್ಬರಿಗೆ ಜಾಗವಿದೆ ಎಂದ. ನಾವು ಬಸ್ಸಿನಲ್ಲಿ ಬರುತ್ತೇವೆ, ನೀವು ಹೋಗಿ ಎಂದ ಕಮಲಾಕ್ಷ. ಯಾವ ಬಸ್ಸು, ಯಾವಾಗ ಎಂದು ಅವನಿಗೂ ಗೊತ್ತಿರಲಿಲ್ಲ. ವಾರಿಜಾ ಒಳಗೆ ಹೋಗಿ ಒಂದು ಚೀಲ ತಂದು ಬಾಗಿಲ ಬಳಿ ಇಟ್ಟಳು.

“ನಾನು ಹೋಗ್ತೇನೆ. ನೀವು ಬರುವುದಾದರೆ ಬನ್ನಿ.”

ಕಮಲಾಕ್ಷ ಮುಂದಿನ ಸೀಟಿನಲ್ಲಿ ಕುಳಿತ. ಹೆಂಗಸರಿಬ್ಬರು ಹಿಂದೆ. ದಾರಿಯ ಎರಡೂ ಬದಿಗೆ ಸುಟ್ಟ ಲಾರಿಗಳು ಬಿದ್ದಿದ್ದವು, ಚೆಕ್‌ಪೋಸ್ಟುಗಳಲ್ಲಿ ಸೈನಿಕರು ಬಂದೂಕಿನ ತುದಿಯಿಂದ ಚೀಲ ಕೆದಕುತ್ತಿದ್ದರು. ಇಷ್ಟಾದರೂ ಅವನ ಕಣ್ಣು ಮಾತ್ರ ಚಾರ್ಲ್ಸನ ಮೇಲಿತ್ತು, ಅವನು ಕನ್ನಡಿಯಲ್ಲಿ ಹಿಂದೆ ನೋಡುತ್ತಾನೆಯೇ ಎಂದು. ಸಾವಿನ ಬಾಯಲ್ಲಿ ಕೂಡ ತನ್ನ ಬುದ್ಧಿ ಇಂಥದನ್ನೇ ಮೇಯುತ್ತಿದೆಯಲ್ಲ ಎಂದು ಅವನಿಗೇ ಹೇಸಿಗೆ ಬಂತು. ಆದರೂ ಕಣ್ಣು ಸರಿಯಲಿಲ್ಲ.

ಬಾಗ್ದಾದ್ ಬಿಟ್ಟ ಮೇಲೆ ದಾರಿ ಉದ್ದವಾಯಿತು. ಎಲ್ಲರ ಧೈರ್ಯ ಹಿಡಿದಿಡಲು ಚಾರ್ಲ್ಸ್ ಏನೇನೋ ಮಾತಾಡುತ್ತಿದ್ದ. ಹಾಗೇ ಹೇಳಿದ: “ಆ ಅಜ್ಜಿಗೆ ನಿಮ್ಮ ಮೇಲೆ ಬೇಸರ ಇಲ್ಲ ಅಕ್ಕ. ಅಣ್ಣನಿಗೆ ರಜೆ ಸಿಗಲಿಲ್ಲ ಅಂತ ಹೇಳಿದೆ. ಕೋಣೆ ಯಾವಾಗ ಬೇಕಾದರೂ ಉಂಟು, ಬರಲಿಕ್ಕೆ ಹೇಳು ಅಂದಳು.”

ಕಮಲಾಕ್ಷ ತಿರುಗಿ ನೋಡಲಿಲ್ಲ. ಮೇಬಲಕ್ಕ ಜಪಮಾಲೆ ತಿರುಗಿಸುತ್ತ ಕುಡಿಯಲು ನೀರು ಉಳಿದಿದೆಯೇ ಎಂದು ಕೇಳಿದಳು.

ಜೋರ್ಡಾನ್ ಗಡಿಯಲ್ಲಿ ಮರಳುಗಾಡಿನ ತುಂಬ ಡೇರೆಗಳು. ಚಾರ್ಲ್ಸ್ ರೊಟ್ಟಿಯ ಲಾರಿ ಹುಡುಕಿಕೊಂಡು ಹೋಗಿದ್ದ. ಮೇಬಲಕ್ಕ ನಿದ್ದೆ ಹೋಗಿದ್ದಳು. ಡೇರೆಯ ನೆರಳಿನಲ್ಲಿ ಗಂಡಹೆಂಡತಿ ಇಬ್ಬರೇ ಉಳಿದರು.

“ಕೋಣೆ ಇತ್ತು,” ಎಂದ ಕಮಲಾಕ್ಷ. “ನಾನೇ ಬೇಡ ಅಂದದ್ದು.”

“ಯಾಕೆ?”

“ನೀನು ಅವನ ಹತ್ತಿರ ನಗ್ತಿದ್ದೆ.”

ವಾರಿಜಾ ತಲೆಯ ಮೇಲಿನ ದುಪಟ್ಟಾದ ಮರಳು ಕೊಡವಿದಳು. ಅಳಲಿಲ್ಲ, ರೇಗಲೂ ಇಲ್ಲ.

“ಹೌದು, ನಗ್ತಿದ್ದೆ. ನಿನಗೆ ಯಾವುದು ಬೇಕು ಅಂತ ನನ್ನ ಹತ್ತಿರ ಯಾರಾದರೂ ಕೇಳಿದ್ದುಂಟಾ? ಅಪ್ಪ ಕೇಳಲಿಲ್ಲ, ನೀವು ಕೇಳಲಿಲ್ಲ. ಅವರು ಕೇಳಿದರು, ಕೋಣೆ ಯಾವ ಬದಿಗೆ ಬೇಕು ಅಂತ. ಅದು ಅವರ ಕೆಲಸ, ಎಲ್ಲರ ಹತ್ತಿರವೂ ಕೇಳ್ತಾರೆ. ನನಗೆ ಗೊತ್ತುಂಟು. ಆದರೂ ಖುಷಿ ಆಯ್ತು.”

ಅವನು ಏನೋ ಹೇಳಲು ಹೋದ. ಅವಳು ಕೈ ಎತ್ತಿ ತಡೆದಳು. ಅಮ್ಮಾನಿನಿಂದ ವಿಮಾನ ಹತ್ತಿ ಬೊಂಬಾಯಿಯಲ್ಲಿ ಇಳಿಯುವವರೆಗೂ ಅವರ ನಡುವೆ ಬೇಕಾದಷ್ಟೇ ಮಾತು. ಬೊಂಬಾಯಿಯಲ್ಲಿ ಚಾರ್ಲ್ಸ್ ಮೇಬಲಕ್ಕನನ್ನು ಬಸ್ಸು ಹತ್ತಿಸಿ, ಇವರಿಬ್ಬರಿಗೂ ಕೈ ಮುಗಿದು, ಮತ್ತೆ ಹಡಗು ಹಿಡಿಯುತ್ತೇನೆ ಎಂದು ಹೊರಟುಹೋದ. ಅವನ ಬೆನ್ನು ಜನರ ನಡುವೆ ಮರೆಯಾದಾಗ ಕಮಲಾಕ್ಷನಿಗೆ ಹಗುರವಾಗಬೇಕಿತ್ತು. ಆಗಲಿಲ್ಲ.

ಮಂಗಳೂರಿನಲ್ಲಿ ವಾರಿಜಾ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಹಿಡಿದಳು. ಮದುವೆಗೆ ಮೊದಲೇ ಮುಗಿಸಿದ್ದ ಟೀಚರ್ ತರಬೇತಿ ಈಗ ಉಪಯೋಗಕ್ಕೆ ಬಂತು. ಯುದ್ಧ ಮುಗಿದು, ಕಂಪನಿಯವರು ಕಮಲಾಕ್ಷನನ್ನು ಹಿಂದಕ್ಕೆ ಕರೆದಾಗ ಅವನು ಮೊದಲ ಬಾರಿಗೆ ಅವಳನ್ನು ಕೇಳಿದ, ಬರ್ತೀಯಾ ಎಂದು. ಈಗ ಬರುವುದಿಲ್ಲ, ಮುಂದೆ ನೋಡುವ ಎಂದಳು. ಅವನು ಒತ್ತಾಯ ಮಾಡಲಿಲ್ಲ.

ತೊಂಬತ್ತೊಂದರ ಮಧ್ಯದಲ್ಲಿ ಅವನು ಇಳಿದಾಗ ಕುವೈತಿನ ಆಕಾಶ ಎಣ್ಣೆಬಾವಿಗಳ ಹೊಗೆಯಿಂದ ಕರ್ರಗಿತ್ತು. ಹವಲ್ಲಿಯ ಫ್ಲ್ಯಾಟನ್ನು ಯಾರೋ ಗುಡಿಸಿ ಬಳಿದಂತೆ ದೋಚಿದ್ದರು. ಫ್ರಿಜ್ಜಿಲ್ಲ, ಮಂಚವಿಲ್ಲ, ಕಿಟಕಿಯ ಪರದೆಯೂ ಇಲ್ಲ. ಒಬ್ಬನೇ ನೆಲ ತೊಳೆದು ಚಾಪೆ ಹಾಸಿಕೊಂಡ. ಶುಕ್ರವಾರಗಳಲ್ಲಿ ಶರ್ಕ್‌ಗೆ ಹೋಗಿ ಆಫೀಸಿನಿಂದ ಊರಿಗೆ ಫೋನು ಮಾಡುತ್ತಿದ್ದ.

ಒಂದು ಶುಕ್ರವಾರ ವಾರಿಜಾ ಉತ್ಸಾಹದಿಂದ ಶಾಲೆಯ ಸುದ್ದಿ ಹೇಳುತ್ತಿದ್ದಳು. ಸಿಲ್ವೆಸ್ಟರ್ ಎಂಬ ಡ್ರಾಯಿಂಗ್ ಮಾಸ್ಟರು ಹೊಸದಾಗಿ ಬಂದಿದ್ದಾರೆ, ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರರ ನಡಿಗೆಯನ್ನು ಹಾಗೇ ಮಾಡಿ ತೋರಿಸುತ್ತಾರೆ, ನಿನ್ನೆ ತಾನು ಚಹಾ ಚೆಲ್ಲಿಕೊಂಡೆ ಎಂದು ನಕ್ಕಳು. ಅದೇ ದೊಡ್ಡ ನಗು. ಕಮಲಾಕ್ಷನ ಎದೆಯಲ್ಲಿ ಹಳೆಯ ಬೆಂಕಿ ಭಗ್ಗನೆ ಹೊತ್ತಿಕೊಂಡಿತು. ಯಾರವನು, ಎಷ್ಟು ವಯಸ್ಸು, ಮದುವೆಯಾಗಿದೆಯೇ ಎಂಬ ಪ್ರಶ್ನೆಗಳೆಲ್ಲ ಒಟ್ಟಿಗೆ ನಾಲಿಗೆಯ ತುದಿಗೆ ಬಂದು ನಿಂತವು. ಫೋನಿನ ವೈರನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡ. ಆ ಕಡೆ ಅವಳ ನಗು ನಿಂತಿತ್ತು. ಅವಳು ಕಾಯುತ್ತಿದ್ದಳು.

“ಆಮೇಲೆ ಎಂತ ಆಯ್ತು?” ಎಂದು ಕೇಳಿದ.

ಅವಳು ಮುಂದಿನದನ್ನು ಹೇಳತೊಡಗಿದಳು.