ಒಂಬತ್ತು ನಿಮಿಷದ ಪಾಸ್ತಾ

ಗುಯಿಡೊ ಕತಾರಿಗೆ ಬಂದದ್ದು ಹೋಟೆಲು ಇಡಲಿಕ್ಕಲ್ಲ, ರಾಸ್ ಲಫಾನಿನಲ್ಲಿ ಗ್ಯಾಸಿನ ಪೈಪುಗಳಿಗೆ ವೆಲ್ಡಿಂಗ್ ಮಾಡಲಿಕ್ಕೆ. ಐದು ವರ್ಷ ಮಾಡಿದ ಮೇಲೆ ಮಂಡಿ ಕೈಕೊಟ್ಟಿತು. ಇಟಲಿಯ ತನ್ನೂರಿಗೆ ಮರಳಿದರೆ ಅಣ್ಣಂದಿರ ಉಪದೇಶ ಕೇಳಬೇಕಾಗುತ್ತದೆಂದು ಇಲ್ಲೇ ಉಳಿದು, ೨೦೦೨ರಲ್ಲಿ ದೋಹಾ ಅಲ್ ಜದೀದಾದ ಗಲ್ಲಿಯೊಂದರಲ್ಲಿ, ಟೈಲರಿಗೂ ಟ್ರಾವೆಲ್ಸಿಗೂ ನಡುವೆ, ಹನ್ನೊಂದು ಮೇಜಿನ ಹೋಟೆಲು ತೆರೆದ. ಲೈಸೆನ್ಸು ಮಾತ್ರ ಕಫೀಲನ, ಅಂದರೆ ಕಾನೂನಿನಂತೆ ಜವಾಬ್ದಾರಿ ಹೊತ್ತ ಕತಾರಿನವನಾದ ಜಾಸಿಮನ ಹೆಸರಿನಲ್ಲಿ. ಕೆಲಸದವರ ವೀಸಾಗಳೂ ಅವನವೇ. ಹೀಗಾಗಿ ಗುಯಿಡೊ ಮಾಲೀಕ ಹೌದೂ ಹೌದು, ಅಲ್ಲವೂ ಹೌದು.

ಹಂದಿ ಬೇಡ ಎಂದರು, ಒಪ್ಪಿದ. ವೈನ್ ಬೇಡ ಎಂದರು, ಅದಕ್ಕೂ ಒಪ್ಪಿದ. ಬಗ್ಗದಿದ್ದದ್ದು ಒಂದೇ ವಿಷಯಕ್ಕೆ: ಪಾಸ್ತಾ ಒಂಬತ್ತು ನಿಮಿಷಕ್ಕಿಂತ ಹೆಚ್ಚು ಬೇಯಕೂಡದು, ಹಲ್ಲಿಗೆ ತುಸು ಗಟ್ಟಿಯಾಗಿ ಸಿಗಬೇಕು.

ಅಡುಗೆಯ ದೇಜಪ್ಪ ಕಿನ್ನಿಗೋಳಿ ಕಡೆಯವನು, ಕುಚ್ಚಲಕ್ಕಿ ಗಂಜಿಯಲ್ಲಿ ಬೆಳೆದ ಜೀವ. ಬೆರಳಲ್ಲಿ ಹಿಸುಕಿದಾಗ ನಡುವೆ ಬಿಳಿ ಕಂಡರೆ ಅದು ಹಸಿ ಎಂಬುದು ಅವನ ಪಾಲಿಗೆ ವಾದಕ್ಕೆ ಬಿಟ್ಟ ಸಂಗತಿಯೇ ಅಲ್ಲ. ಹೋಟೆಲು ತೆರೆದ ಎರಡನೇ ವಾರ ಏಳು ತಟ್ಟೆಗಳು ಬೇಯಲಿಲ್ಲವೆಂದು ವಾಪಸು ಬಂದವು. ಗುಯಿಡೊ ಮೇಜು ಮೇಜಿಗೆ ಹೋಗಿ ಪ್ರವಚನ ಕೊಟ್ಟ; ಗಿರಾಕಿಗಳು ವಿನಯದಿಂದ ಕೇಳಿ ಎದ್ದು ಹೋದರು, ಮತ್ತೆ ಬರಲಿಲ್ಲ. ಅಂದಿನಿಂದ ದೇಜಪ್ಪ ಒಲೆಯ ಹಿಂದಿನ ಉರಿಯಲ್ಲಿ ಎರಡನೆಯ ಪಾತ್ರೆಯೊಂದನ್ನು ಕುದಿಸತೊಡಗಿದ. ಗುಯಿಡೊ ರುಚಿ ನೋಡುವುದಕ್ಕೂ ಅಪರೂಪಕ್ಕೆ ಬರುವ ಇಟಲಿಯವರಿಗೂ ಮೊದಲ ಪಾತ್ರೆಯದು. ಉಳಿದದ್ದಕ್ಕೆ ಎರಡನೆಯದರಲ್ಲಿ ಇನ್ನೂ ಆರು ನಿಮಿಷ. ಹೋಟೆಲು ತುಂಬಿತು. ದೋಹಾಕ್ಕೆ ಪಾಸ್ತಾ ತಿನ್ನಲು ಕಲಿಸಿದವನು ತಾನೆಂದು ಗುಯಿಡೊ ಐದು ವರ್ಷ ಹೇಳಿಕೊಂಡು ತಿರುಗಿದ. ದೇಜಪ್ಪ ಅಲ್ಲಗಳೆಯಲಿಲ್ಲ.

೨೦೦೭ರಲ್ಲಿ ಜಾಸಿಮನಿಗೆ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇಡುವ ಯೋಚನೆ ಬಂತು. ಲೈಸೆನ್ಸ್ ನವೀಕರಣದ ಕಾಗದ ಸಹಿಯಿಲ್ಲದೆ ಮೂರು ವಾರ ಅವನ ಕಾರಿನಲ್ಲೇ ಊರು ಸುತ್ತಿತು. ಕಡೆಗೆ, ಶುಕ್ರವಾರ ನಮಾಜಿನ ಬಳಿಕ ತಾಯಿಯನ್ನು ಊಟಕ್ಕೆ ಕರೆತರುತ್ತೇನೆ, ಆಕೆಗೆ ಹಿಡಿಸಿದರೆ ಸಹಿ, ಇಲ್ಲವಾದರೆ ಖಲಾಸ್ ಎಂದು ಹೇಳಿಕಳಿಸಿದ.

ಆ ದಿನ ಗುಯಿಡೊ ಯಾರನ್ನೂ ನಂಬದೆ ತಾನೇ ಒಲೆಯ ಮುಂದೆ ನಿಂತ. ಒಂಬತ್ತಕ್ಕೆ ಸರಿಯಾಗಿ ಬಸಿದು, ಅತಿಥಿಗಳನ್ನು ಕೂರಿಸಲು ಹೊರಗೆ ಹೋದ. ಸಪ್ಲೈಯರ್ ಮುಝಮ್ಮಿಲ್ ಒಳಗೆ ಓಡಿ ಬಂದ.

"ದೇಜಪ್ಪಣ್ಣ, ಅಜ್ಜಿಯದ್ದು ಸೆಟ್ಟು ಹಲ್ಲು ಮಾರಾಯ್ರೆ. ಮಾತಾಡುವಾಗಲೇ ಅಲ್ಲಾಡ್ತದೆ."

ದೇಜಪ್ಪ ಎಲ್ಲವನ್ನೂ ಎರಡನೆಯ ಪಾತ್ರೆಗೆ ಸುರಿದ. ನಾಲ್ಕನೆಯ ನಿಮಿಷಕ್ಕೆ ಗುಯಿಡೊ ಬಾಗಿಲಲ್ಲಿ ನಿಂತಿದ್ದ.

"ಯಾವಾಗಿನಿಂದ?"

"ಎರಡನೇ ವಾರದಿಂದ, ಬಾಸ್."

ಗುಯಿಡೊ ಎಣ್ಣೆಯ ಡಬ್ಬಿಯ ಮೇಲೆ ಕೂತ. ಮಂಗಳೂರಿನ ವಿಮಾನ ವಾರಕ್ಕೆಷ್ಟು ಎಂದು ದೇಜಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೊರಗಿನಿಂದ ಜಾಸಿಮ್ "ಯಲ್ಲಾ" ಎಂದು ಅವಸರಿಸಿದ. ಗುಯಿಡೊ ಎದ್ದು, ಗೋಡೆಯ ಗಡಿಯಾರ ನೋಡುತ್ತ ಉಳಿದೆರಡು ನಿಮಿಷ ಕಾದು, ತಟ್ಟೆಗಳನ್ನು ತಾನೇ ಒಯ್ದ.

ಮುದುಕಿ ಎರಡು ತಟ್ಟೆ ಉಂಡಳು. ಜಾಸಿಮ್ ಮೇಜಿನ ಮೇಲೇ ಸಹಿ ಹಾಕಿದ. ಆಮೇಲೆ ತಾಯಿ ಏನೋ ಹೇಳಿದಳು, ಮಗ ಅದನ್ನು ಇಂಗ್ಲಿಷಿಗೆ ತಂದ: ಈ ಅಡುಗೆಯವನು ಅಮ್ಮನಿಗೆ ಮನೆಗೆ ಬೇಕು, ವೀಸಾ ಹೇಗೂ ತನ್ನದೇ, ನಾಳೆಯಿಂದಲೇ ಬರಲಿ. ಬೇಯಿಸಿದ್ದು ಯಾರು?

ದೇಜಪ್ಪ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ. ಕಾಗದ ಕೈಯಲ್ಲಿದ್ದರೂ ಇವನಿಲ್ಲದೆ ಹೋಟೆಲಿಲ್ಲ ಎಂಬುದು ಗುಯಿಡೊಗೆ ತಿಳಿದು ಅರ್ಧ ಗಂಟೆಯಷ್ಟೇ ಆಗಿತ್ತು. ಅಣ್ಣಂದಿರು ಕೇಳಿದ್ದರೆ ಮನೆಯೊಳಗೆ ಸೇರಿಸದಂಥ ಮಾತನ್ನು ಅವನು ನೆಟ್ಟಗೆ ನಿಂತು ಹೇಳಿದ.

"ಅನಾ. ನಾನೇ ಬೇಯಿಸಿದ್ದು. ನಮ್ಮ ಕಡೆ ಹೀಗೇ ಬೇಯಿಸುವುದು."

ಮುದುಕಿಗೆ ಸಂತೋಷವಾಯಿತು. ಹೋಟೆಲು ಬಿಡಿಸುವುದು ಬೇಡ, ಪ್ರತಿ ಶುಕ್ರವಾರ ಅವನೇ ಮನೆಗೆ ಬಂದು ಮಾಡಿ ಹೋಗಲಿ, ಕಾರು ಕಳಿಸುತ್ತೇವೆ ಎಂದಳು.

ಮರುದಿನದಿಂದ ಮಾಲೀಕನಿಗೆ ಅಡುಗೆಯವನ ಬಳಿ ಪಾಠ ಶುರುವಾಯಿತು. ಗುರುವಾರ ಗುಯಿಡೊ ಪಾತ್ರೆಯೊಳಗೆ ಬಹಳ ಹೊತ್ತು ಬಗ್ಗಿ ನೋಡಿ, ಇದು ಪಾಸ್ತಾ ಅಲ್ಲ ಎಂದ.

"ಅಲ್ಲ, ಬಾಸ್," ಎಂದ ದೇಜಪ್ಪ. "ಇನ್ನೆರಡು ನಿಮಿಷ ಬಿಡಿ. ಮತ್ತೆ ಉಪ್ಪು ಕಮ್ಮಿ ಹಾಕಿ, ಅಜ್ಜಿಗೆ ಪ್ರೆಶರ್ ಉಂಟಂತೆ."