ಎಲ್ಲಕ್ಕೂ ಒಂದೇ ಸಹಿ

ಇಪ್ಪತ್ತು, ಇಪ್ಪತ್ತೊಂದು... ಪರದೆಯ ಮೇಲೆ ಸಹಿಗೆ ಕಾಯುತ್ತಿದ್ದ ಔಷಧಿ ಚೀಟಿಗಳನ್ನು ಡಾಕ್ಟರಮ್ಮ ಎಣಿಸಿದಳು. ಇಪ್ಪತ್ತೆರಡು. ಎಲ್ಲವೂ ಪ್ರತಿ ತಿಂಗಳು ಮುಂದುವರಿಯುವ ಮಾತ್ರೆಗಳು; ನರ್ಸಕ್ಕ ಬೆಳಿಗ್ಗೆಯೇ ಪಟ್ಟಿ ಮಾಡಿಟ್ಟಿದ್ದಳು. ಗಂಟೆ ಒಂದಾಗುತ್ತಿತ್ತು. ಮಗಳು ಊಟಕ್ಕೆ ಬರುವವರೆಗೂ ಮನೆಯಲ್ಲಿ ಅವಳ ಅಮ್ಮ ತಟ್ಟೆ ಮುಟ್ಟುವವಳಲ್ಲ. ‘ಎಲ್ಲಕ್ಕೂ ಸಹಿ’ ಎಂಬ ಗುಂಡಿ ಒತ್ತಿದಳು. ಕೆಂಪು ಎಚ್ಚರಿಕೆಯೊಂದು ಎದ್ದು ಬಂತು. ದಿನಕ್ಕೆ ಐವತ್ತು ಸಲ ಏಳುವ ಅದನ್ನು ನೊಣ ಓಡಿಸಿದಂತೆ ಮುಚ್ಚಿದಳು.

ಚೀಲ ಹೆಗಲಿಗೇರಿಸುವಷ್ಟರಲ್ಲಿ ಕೆಳಗಿನ ಔಷಧಿ ಅಂಗಡಿಯಾಕೆಯ ಫೋನು.

"ಡಾಕ್ಟರೇ, ಡ್ರೈವರ್ ತಾತ ಬಂದಿದ್ದಾರೆ. ರಕ್ತ ತೆಳು ಮಾಡೋ ಮಾತ್ರೆ ಎರಡು ಥರದ್ದು ಬಂದಿದೆ. ಎರಡೂ ಕೊಡ್ಲಾ?"

ಡಾಕ್ಟರಮ್ಮ ತಾತನ ಚೀಟಿ ತೆರೆದು ನೋಡಿದಳು. ಹೋದ ವಾರ ತಾತನ ಮಾತ್ರೆ ಬದಲಿಸಿದವಳು ಅವಳೇ. ಹೊಸದನ್ನು ಬರೆದಿದ್ದಳು, ಹಳೆಯದನ್ನು ಪಟ್ಟಿಯಿಂದ ತೆಗೆದಿರಲಿಲ್ಲ. ಎರಡನ್ನೂ ನುಂಗಿದ್ದರೆ ಒಳಗೊಳಗೇ ರಕ್ತ ಸೋರಿ ಮುದುಕನ ಪ್ರಾಣಕ್ಕೇ ಕುತ್ತು ಬರುತ್ತಿತ್ತು.

"ಹಳೇದು ಬೇಡ. ಅವರನ್ನ ಮೇಲೆ ಕಳಿಸಿ."

ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ನರ್ಸಕ್ಕನ ಮುಖ ಬಿಳುಚಿತು. "ಪಟ್ಟಿ ಮಾಡಿದ್ದು ನಾನಲ್ವಾ ಡಾಕ್ಟರಮ್ಮ. ನನ್ನ ತಪ್ಪು ಅಂದ್ಬಿಡಿ."

"ಪಟ್ಟಿ ನಿಮ್ಮದು ಅಕ್ಕ, ಸಹಿ ನಂದು."

ತಾತ ಏದುಸಿರು ಬಿಡುತ್ತ ಬಂದ. "ಎರಡೆರಡು ಮಾತ್ರೆಯಂತೆ! ನನ್ನ ಮೇಲೆ ಅಷ್ಟೊಂದು ಅಕ್ಕರೇನಾ ತಾಯಿ?"

"ಅಕ್ಕರೆ ಅಲ್ಲ ತಾತ, ತಪ್ಪು. ನೋಡದೆ ಸಹಿ ಹಾಕಿದೆ. ಮನೇಲಿ ಹಳೇ ಮಾತ್ರೆ ತಗೋತಿಲ್ಲ ತಾನೆ?"

"ನೀವು ಬೇಡ ಅಂದ ದಿನಾನೇ ಬಿಟ್ಟೆ. ಮೂವತ್ತು ವರ್ಷ ಬಸ್ ಓಡಿಸ್ದೆ, ನಾನೂ ಸ್ಟಾಪ್ ಮರೆತು ಮುಂದೆ ಹೋಗಿದ್ದುಂಟು. ಹೆಂಗಸರು ಬೈದಿದ್ದು ಇನ್ನೂ ಕಿವೀಲಿದೆ."

"ಇವತ್ತು ಬ್ರೇಕ್ ಹಾಕಿದ್ದು ಅಂಗಡಿಯವಳು, ತಾತ," ಎಂದು ನರ್ಸಕ್ಕ ಕಣ್ಣೊರೆಸಿಕೊಂಡು ನಕ್ಕಳು. ತಾತನ ತೋಳು ಹಿಡಿದು ಮೆಟ್ಟಿಲವರೆಗೆ ಕರೆದೊಯ್ದಳು.

ಡಾಕ್ಟರಮ್ಮ ಹಳೆಯ ಮಾತ್ರೆಯನ್ನು ಪಟ್ಟಿಯಿಂದ ತೆಗೆದಳು. ಆಮೇಲೆ ಮನೆಗೆ ಫೋನು ಮಾಡಿದಳು.

"ಅಮ್ಮಾ, ನೀನು ಊಟ ಮಾಡು. ಸಹಿ ಕೆಲಸ ಇದೆ."

"ಸಹಿ ಹಾಕೋಕೆ ಎಷ್ಟೇ ಹೊತ್ತು ಬೇಕು ನಿನಗೆ?"

ಡಾಕ್ಟರಮ್ಮ ಫೋನು ಇಟ್ಟಳು. ಚೀಲ ಕೆಳಗಿಟ್ಟು, ಆಗಲೇ ಸಹಿಯಾಗಿ ಹೋಗಿದ್ದ ಉಳಿದ ಇಪ್ಪತ್ತೊಂದರಲ್ಲಿ ಮೊದಲನೆಯದನ್ನು ತೆರೆದಳು. ಹೆಸರು, ವಯಸ್ಸು, ಕೊನೆಯ ರಕ್ತಪರೀಕ್ಷೆ. ಎಲ್ಲವನ್ನೂ ಓದಿದಳು. ಇನ್ನು ಆ ಗುಂಡಿಯನ್ನು ಮುಟ್ಟುವುದಿಲ್ಲ; ನಾಳೆಯೂ ಹೀಗೇ, ಒಂದೊಂದಾಗಿ.

ನರ್ಸಕ್ಕ ಬಾಗಿಲಲ್ಲಿ ಇಣುಕಿದಳು. "ಇನ್ನೂ ಹೊರಟಿಲ್ವಾ?"

"ಹೊರಟೆ ಅಕ್ಕ," ಎಂದು ಎರಡನೆಯದನ್ನು ತೆರೆದಳು.